ಮರೆತವನ ಗುರುತು

ಕಚೇರಿಯ ಟೆಲಿಫೋನು ಈಗ ಬರಿಯ ಮಾತಿನ ತಂತಿಯಲ್ಲ. ಮೇಜಿನ ಒಡೆಯನು ಇಲ್ಲದಾಗ ಬಂದ ಮಾತುಗಳನ್ನು ವಾಯ್ಸ್‌ಮೇಲ್ ಎಂಬ ಧ್ವನಿಪೆಟ್ಟಿಗೆಯಲ್ಲಿ ತುಂಬಿಟ್ಟುಕೊಂಡು, ಗುಟ್ಟಿನ ನಾಲ್ಕಾರು ಅಂಕಿಗಳನ್ನು ಒತ್ತಿದವನಿಗೆ ಮಾತ್ರ ಒಪ್ಪಿಸತಕ್ಕ ಭಂಡಾರಿಯೂ ಅದಾಗಿದೆ. ಆ ಅಂಕಿಗಳಿಗೇ ಪಾಸ್‌ವರ್ಡ್ ಎಂದು ಹೆಸರು. ಹದಿನೈದು ದಿನ ರಜೆಯ ಮೇಲಿದ್ದು ಬಂದ ಗುಮಾಸ್ತನಿಗೆ ಅದು ಮರೆತುಹೋಗುವುದು ಆಶ್ಚರ್ಯವಲ್ಲ. ಆಗ ಅವನು ಆ ವ್ಯವಸ್ಥೆಯನ್ನು ನೋಡಿಕೊಳ್ಳುವ ಅಧಿಕಾರಿಯ ಬಳಿಗೆ ಹೋಗಿ, “ನನ್ನದನ್ನು ಹೊಸದಾಗಿ ಇಟ್ಟುಕೊಡಿ” ಎನ್ನುತ್ತಾನೆ. ಎರಡು ನಿಮಿಷದ ಕೆಲಸ. ಆದರೆ ಈ ಅಲ್ಪಕಾರ್ಯದಲ್ಲಿ ಒಂದು ಹಳೆಯ ಪ್ರಶ್ನೆ ಅಡಗಿದೆ: ಗುರುತನ್ನೇ ಕಳೆದುಕೊಂಡವನನ್ನು ಯಾವ ಗುರುತಿನಿಂದ ಗುರುತಿಸಬೇಕು?

ನಮ್ಮ ಪೂರ್ವಿಕರಿಗೆ ಈ ಪ್ರಶ್ನೆ ಅಪರಿಚಿತವಲ್ಲ. ಶಕುಂತಲೆಯ ಉಂಗುರವು ನೀರಿಗೆ ಬಿದ್ದಮೇಲೆ ಅವಳ ಸತ್ಯವು ದುಷ್ಯಂತನ ಮುಂದೆ ಸುಳ್ಳಾಗಿ ಕಂಡಿತು. ಸಾಕ್ಷ್ಯವಿಲ್ಲವೆಂದು ನಿಜವಾದ ಒಡತಿಯನ್ನೇ ಹಿಂದಿರುಗಿಸಿದುದು ಅಲ್ಲಿನ ಅನ್ಯಾಯ. ಅಶೋಕವನದ ಸೀತೆಯ ಸ್ಥಿತಿ ಬೇರೆ. ಸಂನ್ಯಾಸಿಯ ವೇಷವನ್ನು ನಂಬಿ ನೊಂದವಳು ಆಕೆ. ಆದಕಾರಣ ರಾಮನ ಹೆಸರು ಹೇಳಿಕೊಂಡು ಬಂದ ಕಪಿಯನ್ನು ಕೂಡಲೆ ನಂಬಲಿಲ್ಲ. ಹನುಮಂತನೂ ಅದನ್ನು ಅವಮಾನವೆಂದು ಬಗೆಯದೆ, ಕೇಳಿದುದಕ್ಕೆಲ್ಲ ಉತ್ತರವಿತ್ತು ಮುದ್ರೆಯುಂಗುರವನ್ನು ಮುಂದಿಟ್ಟನು. ನಮ್ಮ ಅಧಿಕಾರಿಯು ದಿನವೂ ಈ ಎರಡು ಕಥೆಗಳ ನಡುವೆ ಕುಳಿತಿರುತ್ತಾನೆ.

“ಹಳೆಯ ಅಂಕಿಯನ್ನೇ ಹೇಳಿಬಿಡಬಾರದೆ?” ಎಂದು ಕೇಳುವವರುಂಟು. ಹೇಳಲಾಗದು, ಅಚ್ಚುಕಟ್ಟಾಗಿ ಕಟ್ಟಿದ ವ್ಯವಸ್ಥೆಯಲ್ಲಿ ಯಂತ್ರಕ್ಕೂ ಅದು ಗೊತ್ತಿರುವುದಿಲ್ಲ. 1960ರ ದಶಕದ ಮೊದಲಲ್ಲಿ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಗಣಕಯಂತ್ರಕ್ಕೆ ಪಾಸ್‌ವರ್ಡ್ ಏರ್ಪಡಿಸಿದಾಗ ಎಲ್ಲರ ಗುಟ್ಟುಗಳೂ ಒಂದೇ ಕಡತದಲ್ಲಿ ಬರೆದಿದ್ದವು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧಕನು, ಯಂತ್ರದ ಮೇಲೆ ತನಗೆ ಕೊಟ್ಟ ಹೊತ್ತು ಸಾಲದೆಂದು, ಆ ಕಡತವನ್ನೇ ಅಚ್ಚು ಹಾಕಿಸಿಕೊಂಡನು. ಆಮೇಲಿನವರು ಗುಟ್ಟನ್ನು ಹಿಂದಿರುಗಿಸಲಾಗದ ಒಂದು ಲೆಕ್ಕಕ್ಕೆ ಒಳಪಡಿಸಿ, ಅದರ ಫಲವನ್ನು ಮಾತ್ರ ಬರೆದಿಡುವ ಕ್ರಮವನ್ನು ತಂದರು. ಇದರಲ್ಲಿ ಒಂದು ನೈತಿಕ ಸೂಕ್ಷ್ಮವಿದೆ. ಅಧಿಕಾರಿಯು ಮನಸ್ಸು ಮಾಡಿದರೆ ಹೊಸ ಅಂಕಿಯನ್ನಿಟ್ಟು ಒಳಹೊಗಬಹುದು. ಆದರೆ ಮರುದಿನ ಒಡೆಯನ ಅಂಕಿಗೆ ಬಾಗಿಲು ತೆರೆಯದು, ಯಾರೋ ಕೈಯಿಟ್ಟಿರುವರೆಂದು ಅವನಿಗೆ ತಿಳಿದುಹೋಗುತ್ತದೆ. ಅಧಿಕಾರವನ್ನು ಉಳಿಸಿ ಅದರ ಮರೆಯನ್ನು ಮಾತ್ರ ತೆಗೆದುಹಾಕಿದ ಇಂಥ ಏರ್ಪಾಡು ರಾಜ್ಯತಂತ್ರಗಳಲ್ಲಿಯೂ ವಿರಳ.

ಹೊರಗಿನ ಕಳ್ಳನೂ ಬರುವುದು ಈ ದಾರಿಯಿಂದಲೇ. ಇಂಗ್ಲೆಂಡಿನ ನ್ಯೂಸ್ ಆಫ್ ದಿ ವರ್ಲ್ಡ್ ಪತ್ರಿಕೆಯವರು ಪರರ ಧ್ವನಿಪೆಟ್ಟಿಗೆಗಳನ್ನು ಕದ್ದು ಕೇಳಿದ ಪ್ರಕರಣ ಪ್ರಸಿದ್ಧವಾದುದು. 1843ರಲ್ಲಿ ಹುಟ್ಟಿದ ಆ ಪತ್ರಿಕೆ ಅದರಿಂದಲೇ 2011ರ ಜುಲೈ ತಿಂಗಳಲ್ಲಿ ನಿಂತಿತು. ಅವರಿಗೆ ಬೀಗ ಒಡೆಯುವ ವಿದ್ಯೆ ಬೇಕಾಗಲಿಲ್ಲ. ಎಷ್ಟೋ ಜನರು ಕಂಪನಿ ಕೊಟ್ಟ ಮೊದಲ ಅಂಕಿಯನ್ನು ಬದಲಿಸಿಯೇ ಇರಲಿಲ್ಲ. ಬದಲಿಸಿದ್ದ ಕಡೆ, ಕಂಪನಿಯ ನೌಕರರೊಡನೆ ಬೇರೊಬ್ಬರಂತೆ ಮಾತಾಡಿ ಅಂಕಿಯನ್ನು ಹೊಸದಾಗಿ ಇಡಿಸಿಕೊಂಡುದೂ ಉಂಟು. ಹಾಗೆ ಮೋಸಹೋದ ನೌಕರನು ದುಷ್ಟನಾಗಿರಬೇಕಾಗಿಲ್ಲ; ಉಪಕಾರಿಯಾಗಿದ್ದರೆ ಸಾಕು.

ಇಪ್ಪತ್ತು ವರ್ಷ ಜೊತೆಯಲ್ಲಿ ದುಡಿದವನನ್ನು “ನೀವು ನೀವೇ ಎಂಬುದಕ್ಕೆ ಏನು ಆಧಾರ?” ಎಂದು ಕೇಳುವುದು ಅಸಭ್ಯವಲ್ಲವೆ ಎಂಬುದು ಪೂರ್ವಪಕ್ಷ. ಪೆಟ್ಟಿಗೆ ಅವನದಾದರೂ ಅದರೊಳಗಿನ ಮಾತುಗಳು ಅವನೊಬ್ಬನವಲ್ಲ. ಅವನನ್ನು ನಂಬಿ ಆಡಿದವರವೂ ಹೌದು. ತಮ್ಮ ಪರವಾಗಿ ವಾದಿಸಲು ಅವರು ಅಲ್ಲಿಗೆ ಬರಲಾರರು. ಆದ್ದರಿಂದ ಎದುರಿಗೆ ಬರಹೇಳಿ, ಇಲ್ಲವೆ ಕಚೇರಿಯ ಪಟ್ಟಿಯಲ್ಲಿರುವ ಸಂಖ್ಯೆಗೆ ತಾನೇ ತಿರುಗಿ ಕರೆದು ನಿಶ್ಚಯಿಸಿಕೊಂಡು, ಮೊದಲ ಬಳಕೆಯಲ್ಲಿಯೇ ಬದಲಿಸಬೇಕಾದ ತಾತ್ಕಾಲಿಕ ಅಂಕಿಯನ್ನು ಕೊಡುವುದು ಯುಕ್ತ. ಹಾಗೆ ಮಾಡಿದರೆ ಕೊಟ್ಟವನೂ ಬಹುಬೇಗ ಹೊರಗಿನವನಾಗುತ್ತಾನೆ.

ಕಠಿನವಾದುದು ಇನ್ನೊಂದು ಸಂದರ್ಭ. ಊರಿನಲ್ಲಿಲ್ಲದವನ ಪೆಟ್ಟಿಗೆಯನ್ನು ತೆರೆದುಕೊಡೆಂದು ಮೇಲಧಿಕಾರಿಯೇ ಕೇಳಿದರೆ? ಯಂತ್ರ ಕಚೇರಿಯದು, ಕೆಲಸ ನಿಲ್ಲಬಾರದು ಎಂಬುದು ನಿಜ. ಆದರೆ ಗಿರಾಕಿಯ ದೂರಿನ ಪಕ್ಕದಲ್ಲಿ ಹಳ್ಳಿಯಿಂದ ತಾಯಿ ಆಡಿದ ಮಾತೂ ಇರಬಹುದು. ಲಿಖಿತ ಆಜ್ಞೆಯಿಲ್ಲದೆ ತೆರೆಯಕೂಡದೆಂದೂ, ತೆರೆದರೆ ಒಡೆಯನಿಗೆ ಅಂದೇ ತಿಳಿಸಬೇಕೆಂದೂ ನಮಗೆ ತೋರುತ್ತದೆ. ಒಡೆಯನು ತೀರಿಹೋಗಿದ್ದರೋ, ಕಚೇರಿಗೆ ಸಂಬಂಧಿಸಿದುದನ್ನು ಬರೆದುಕೊಂಡು, ಉಳಿದುದನ್ನು ಅಳಿಸುವ ಮೊದಲು ಮನೆಯವರನ್ನು ಒಂದು ಮಾತು ಕೇಳಬೇಕು. ಕರೆದವರಿಗೆ “ನಾನೀಗ ಸ್ಥಳದಲ್ಲಿಲ್ಲ” ಎಂದು ತಿಳಿಸುವ ಅವನ ಸ್ವಂತ ಧ್ವನಿಯೂ ಅದರಲ್ಲಿಯೇ ಉಳಿದಿರುತ್ತದೆ.