ದೂರಿನ ಎಲ್ಲೆ

ನ್ಯಾಯಸ್ಥಾನದ ಮುಂದಿರುವ ವಿಷಯವನ್ನು ಕುರಿತು ಮತ್ತೊಬ್ಬ ಅಧಿಕಾರಿಯಲ್ಲಿ ದೂರು ಹೇಳಬಹುದೆ? ವ್ಯಾಜ್ಯವು ಹೊಲದ್ದೋ ಹಣದ್ದೋ ಆದರೆ ಕೂಡದೆಂದು ಒಡನೆಯೆ ಹೇಳಿಬಿಡಬಹುದು. ಅದು ಮಗುವಿನದಾದಾಗ ಉತ್ತರ ಅಷ್ಟು ಸುಲಭವಾಗಿ ಬಾಯಿಗೆ ಬರುವುದಿಲ್ಲ.

ಕುಣಿಗಲಿನ ಕಡೆಯ ಅಜ್ಜಿಯೊಬ್ಬಳನ್ನು ವಾಚಕರು ಊಹಿಸಿಕೊಳ್ಳಲಿ. ತಾಯಿತಂದೆಯರ ಆಸರೆ ತಪ್ಪಿದ ಮೊಮ್ಮಗನನ್ನು ತುಮಕೂರಿನ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತಂದಿದ್ದಾರೆ. ಸಮಿತಿಯು ಅವನನ್ನು ಪಾಲನಾಗೃಹವೊಂದರಲ್ಲಿ ಇರಿಸಿದೆ. 2015ರ ಬಾಲನ್ಯಾಯ ಕಾಯಿದೆಯಂತೆ ಮಗುವಿನ ಮನೆಯ ಸ್ಥಿತಿಗತಿಗಳ ವಿಚಾರಣೆ 15 ದಿನಗಳಲ್ಲಿ ಮುಗಿಯಬೇಕು. 4 ತಿಂಗಳೊಳಗೆ ಕಡೆಯ ಆಜ್ಞೆ ಹೊರಡಲು ಅನುಕೂಲವಾಗಬೇಕು. ವರದಿ ಬರಲಿಲ್ಲ. ಕೇಳಿದರೆ, “ವಿಷಯ ವಿಚಾರಣೆಯಲ್ಲಿದೆ” ಎಂಬ ಒಂದೇ ಮಾತು. ಆಕೆ ಯಾರಲ್ಲಿ ಹೇಳಿಕೊಳ್ಳಬೇಕು?

ಲೋಕಾಯುಕ್ತರಲ್ಲಿ ಎಂದು ಯಾರಾದರೂ ಹೇಳಿಯಾರು. ಆದರೆ 1984ರ ಕರ್ಣಾಟಕ ಲೋಕಾಯುಕ್ತ ಕಾಯಿದೆಯ 8ನೆಯ ಪ್ರಕರಣ ಅಲ್ಲಿ ಅಡ್ಡ ನಿಲ್ಲುತ್ತದೆ. ದೂರುಗಾರನಿಗೆ ನ್ಯಾಯಸ್ಥಾನದಲ್ಲೋ ಬೇರೆ ಅಧಿಕಾರಿಯಲ್ಲೋ ಅಪೀಲು ಮೊದಲಾದ ಪರಿಹಾರಮಾರ್ಗವಿದ್ದು ಅವನು ಅದನ್ನು ಹಿಡಿಯದಿದ್ದರೆ, ಅವನ ಕುಂದುಕೊರತೆಯನ್ನು ಲೋಕಾಯುಕ್ತರು ವಿಚಾರಿಸತಕ್ಕದ್ದಲ್ಲ. ಮಕ್ಕಳ ಕಲ್ಯಾಣ ಸಮಿತಿಯಾದರೋ ಮ್ಯಾಜಿಸ್ಟ್ರೇಟರ ಅಧಿಕಾರವುಳ್ಳ ಪೀಠ. ಅದರ ಆಜ್ಞೆಯ ಮೇಲೆ 30 ದಿನಗಳೊಳಗೆ ಮಕ್ಕಳ ನ್ಯಾಯಾಲಯಕ್ಕೆ ಅಪೀಲು ಹೋಗಬಹುದು. ಉಚ್ಚ ನ್ಯಾಯಾಲಯಕ್ಕೂ ಪರಿಶೀಲನಾಧಿಕಾರವುಂಟು.

ಈ ಎಲ್ಲೆಯನ್ನು ನಾನು ಅನ್ಯಾಯವೆನ್ನಲಾರೆ. ಮಗು ಯಾರ ಮನೆಯಲ್ಲಿರಬೇಕೆಂಬುದನ್ನು ಉಭಯಪಕ್ಷಗಳ ಮಾತನ್ನೂ ಮಗುವಿನ ಮಾತನ್ನೂ ಕೇಳಿದವರು ತೀರ್ಮಾನಿಸಬೇಕೇ ಹೊರತು, ಒಂದು ಅರ್ಜಿಯನ್ನು ಓದಿದವರಲ್ಲ. ಎರಡನೆಯ ಬಾಗಿಲೊಂದನ್ನು ತೆರೆದಿಟ್ಟರೆ ಮೊದಲು ಅದರೊಳಗೆ ನುಗ್ಗುವವರು ಈ ಅಜ್ಜಿಯಂಥವರಲ್ಲ. ಮೊದಲನೆಯ ಬಾಗಿಲಲ್ಲಿ ಸೋತ, ಹಣವೂ ವಕೀಲರೂ ಉಳ್ಳ ಜನ. ಎರಡು ಆಜ್ಞೆಗಳ ನಡುವೆ ಎಳೆದಾಟಕ್ಕೆ ಸಿಕ್ಕುವುದು ಮಗುವಿನ ತೋಳು.

ಆದರೆ ಅಜ್ಜಿಯ ದೂರು ಆಜ್ಞೆಯನ್ನು ಕುರಿತದ್ದಲ್ಲವಷ್ಟೆ. ಬರೆಯದ ವರದಿಯ ಮೇಲೆ ಅಪೀಲು ಹೋಗುವುದು ಹೇಗೆ? ತೀರ್ಪು ಒಂದು, ತೀರ್ಪಿಗೆ ಬೇಕಾದ ಕೆಲಸವನ್ನು ಮಾಡದಿರುವ ನೌಕರನ ನಡೆ ಇನ್ನೊಂದು. ಮೊದಲನೆಯದಕ್ಕೆ ಸಲ್ಲುವ ರಕ್ಷಣೆಯನ್ನು ಎರಡನೆಯದು ಕದ್ದು ಹೊದ್ದುಕೊಳ್ಳುತ್ತದೆ; ನಮ್ಮ ಕಚೇರಿಗಳಲ್ಲಿ “ವಿಚಾರಣೆಯಲ್ಲಿದೆ” ಎಂಬುದಕ್ಕಿಂತ ಬೆಚ್ಚನೆಯ ಕಂಬಳಿ ಮತ್ತೊಂದಿಲ್ಲ. ಕಾಯಿದೆಯನ್ನು ಬರೆದವರು ಇದನ್ನು ಅರಿಯದವರಲ್ಲ. ಲೋಕಾಯುಕ್ತ ಕಾಯಿದೆಯು ಅನುಚಿತ ವಿಳಂಬವನ್ನೂ ದುರಾಡಳಿತದಲ್ಲಿ ಸೇರಿಸಿದೆ. ಬಾಲನ್ಯಾಯ ಕಾಯಿದೆಯ 27ನೆಯ ಪ್ರಕರಣವು ಸಮಿತಿಯ ಮೇಲಣ ಕುಂದುಕೊರತೆಯನ್ನು ಕೇಳುವ ಹೊಣೆಯನ್ನು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಒಪ್ಪಿಸಿತು. 2021ರ ತಿದ್ದುಪಡಿಯು ಬಾಧಿತ ಮಗುವೇ ದೂರು ಕೊಡಬಹುದೆಂದು ಸ್ಪಷ್ಟಪಡಿಸಿ, ಪಕ್ಷದವರ ಅಹವಾಲನ್ನು ಕೇಳಿ ಆಜ್ಞೆಮಾಡಬೇಕೆಂದಿತು. ಇನ್ನು 2005ರ ಕಾಯಿದೆಯಿಂದ ಹುಟ್ಟಿದ ಮಕ್ಕಳ ಹಕ್ಕುಗಳ ಆಯೋಗ ತೀರ್ಪನ್ನು ತಿದ್ದಲಾರದು. ಆದರೆ ವಿಚಾರಣೆ ನಡೆಸಿ, ಅಗತ್ಯವೆನಿಸಿದರೆ, ತಾನೇ ಉಚ್ಚ ನ್ಯಾಯಾಲಯದ ಬಾಗಿಲಿಗೆ ಹೋಗಬಲ್ಲುದು.

ಈ ಬಗೆಯ ಅಧಿಕಾರ 1809ರಲ್ಲಿ ಮೊದಲು ಏರ್ಪಟ್ಟದ್ದು ಸ್ವೀಡನ್ ದೇಶದಲ್ಲಿ. ಅಲ್ಲಿ ಆ ಅಧಿಕಾರಿಯು ನ್ಯಾಯಸ್ಥಾನಗಳ ನಿಧಾನವನ್ನು ಕೂಡ ಟೀಕಿಸಬಹುದು, ಆದರೆ ತೀರ್ಪಿನ ಒಂದಕ್ಷರವನ್ನೂ ಬದಲಿಸುವಂತಿಲ್ಲ. ಗೆರೆಯನ್ನು ಎಳೆಯಬೇಕಾದ ಸ್ಥಳ ಅದೇ ಎಂದು ನನ್ನ ಮತ. ಆಜ್ಞೆಯ ಬಳಿ ದೂರು ನಿಲ್ಲಲಿ. ಆಲಸ್ಯದ ಬಳಿ ನಿಲ್ಲಬೇಕಾದುದಿಲ್ಲ. ವ್ಯಾಜ್ಯದಲ್ಲಿರುವ ಹೊಲ ಹತ್ತು ವರ್ಷ ಬೀಳುಬಿದ್ದರೂ ಹೊಲವಾಗಿಯೇ ಇರುತ್ತದೆ. ಮೂರು ವರ್ಷದ ಕೂಸು ಒಂದು ವರ್ಷ ದೂರವಿದ್ದರೆ ಅಜ್ಜಿಯ ಮುಖವನ್ನು ಮರೆಯುತ್ತದೆ.

ದೂರನ್ನು ಹಿಂದಿರುಗಿಸುವ ಕಚೇರಿಗೂ ಒಂದು ಕರ್ತವ್ಯವುಂಟು. “ನಮಗೆ ಅಧಿಕಾರವಿಲ್ಲ” ಎಂಬ ಒಂದು ಸಾಲು ಸಾಲದು. ಹೆಂಗಸರಿಗೂ ಮಕ್ಕಳಿಗೂ 1987ರ ಕಾಯಿದೆಯಂತೆ, ವರಮಾನವನ್ನು ಲೆಕ್ಕಿಸದೆ, ಉಚಿತವಾಗಿ ವಕೀಲರ ನೆರವು ದೊರೆಯುತ್ತದೆ. ಗುಬ್ಬಿಯಲ್ಲಾಗಲಿ ಕುಣಿಗಲಿನಲ್ಲಾಗಲಿ ತಾಲ್ಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ಅದನ್ನು ಕೇಳಬಹುದು. ಅದನ್ನೂ, ಹೋಗಬೇಕಾದ ಬಾಗಿಲು ಯಾವುದೆಂಬುದನ್ನೂ, ಅಪೀಲಿನ 30 ದಿನಗಳಲ್ಲಿ ಇನ್ನು ಎಷ್ಟು ಉಳಿದಿವೆಯೆಂಬುದನ್ನೂ ತಿಳಿಗನ್ನಡದಲ್ಲಿ ಬರೆದು ಆಕೆಯ ಕೈಗೆ ಕೊಡಬೇಕು.