ಕೈಯಿಂದ ಕೈಗೆ ದಾಟುವ ವಿದ್ಯೆ

ಸಾಗರದ ಸಮೀಪದ ವರದಹಳ್ಳಿಗೆ ಜನ ಗುರುವನ್ನು ನೆನೆದು ಹೋಗುತ್ತಾರೆ. 1973ರಲ್ಲಿ ಸಮಾಧಿಸ್ಥರಾದ ಶ್ರೀಧರ ಸ್ವಾಮಿಗಳ ಆಶ್ರಮ ಅಲ್ಲಿದೆ. ಉರ್ದು ತರಗತಿಯಲ್ಲಿ ಉಸ್ತಾದ್ ಎಂದರೂ, ಕನ್ನಡ ತರಗತಿಯಲ್ಲಿ ಗುರು ಎಂದರೂ ತಲೆ ಬಾಗಬೇಕೆಂದೇ ನಾವು ಕಲಿತೆವು. ಶಿಷ್ಯ ಗುರುವಿಗೆ ಏನು ಸಲ್ಲಿಸಬೇಕೆಂದು ಎಲ್ಲರಿಗೂ ಗೊತ್ತು. ಗುರು ಶಿಷ್ಯನಿಗೆ ಏನು ಸಲ್ಲಿಸಬೇಕು? ಈ ಪ್ರಶ್ನೆಯನ್ನು ಕೇಳಲೇಬೇಕಾದ ಒಂದು ಜಾಗವೆಂದರೆ ತಜ್ಞ ವೈದ್ಯರು ತಯಾರಾಗುವ ದೊಡ್ಡಾಸ್ಪತ್ರೆ.

ಎಂ.ಬಿ.ಬಿ.ಎಸ್. ಮುಗಿಸಿ ಎಂ.ಡಿ., ಎಂ.ಎಸ್.ಗೆ ಸೇರಿದವರು ಅಲ್ಲಿ ಮೂರು ವರ್ಷ ದುಡಿಯುತ್ತಲೇ ಕಲಿಯುತ್ತಾರೆ. ಹೆರಿಗೆ ಕಷ್ಟವಾದಾಗ ಯಾವ ಗಳಿಗೆಯಲ್ಲಿ ಸಿಸೇರಿಯನ್‌ಗೆ ತಿರುಗಬೇಕು, ರಕ್ತ ಚಿಮ್ಮಿದರೆ ಕೈ ಮೊದಲು ಎಲ್ಲಿಗೆ ಹೋಗಬೇಕು ಎಂಬುದನ್ನು ಪುಸ್ತಕ ಅರ್ಧ ಮಾತ್ರ ಹೇಳೀತು. ಉಳಿದರ್ಧವನ್ನು ಪಕ್ಕದಲ್ಲಿ ನಿಂತ ಹಿರಿಯರೇ ತೋರಿಸಬೇಕು. ನಮ್ಮ ಸಾಗರ, ಸೊರಬದ ಗುಡಿಗಾರರು ಗಂಧದ ಕೆತ್ತನೆ ಕಲಿತದ್ದೂ ಹೀಗೆಯೇ. ಮಗ ಅಪ್ಪನ ಪಕ್ಕ ಕೂತು, ಉಳಿ ಹಿಡಿದು, ಕೆಡಿಸಿ, ಬೈಸಿಕೊಂಡು ಕಲಿತ. ಕಸುಬು ಮನೆಯೊಳಗೇ ಉಳಿಯಿತು. ವೈದ್ಯಕ್ಕೂ ಈ ಗುಣ ಹಳೆಯದೇ. ಹಿಪೊಕ್ರೆಟಿಸ್‌ನ ಹೆಸರಿನ ಪ್ರಾಚೀನ ಪ್ರತಿಜ್ಞೆ ವಿದ್ಯೆಯನ್ನು ತನ್ನ ಮಕ್ಕಳಿಗೆ, ಗುರುವಿನ ಮಕ್ಕಳಿಗೆ, ಪ್ರಮಾಣ ಮಾಡಿದ ಶಿಷ್ಯರಿಗೆ ಬಿಟ್ಟು ಬೇರೆಯವರಿಗೆ ಕೊಡಬಾರದೆನ್ನುತ್ತದೆ.

ಹಾಗಾದರೆ ಆ ಮನೆಯ ಹೊರಗೆ ಹುಟ್ಟಿದವರ ಗತಿ? ದೇಶದ ಪ್ರತಿಷ್ಠಿತ ಕಾಲೇಜುಗಳ ಪದವಿ ತರಗತಿಗಳಲ್ಲಿ 25ರಲ್ಲಿ ಒಬ್ಬ, ಸ್ನಾತಕೋತ್ತರ ತರಗತಿಗಳಲ್ಲಿ 50ರಲ್ಲಿ ಒಬ್ಬ ಮಾತ್ರ ಮುಸ್ಲಿಂ ಎಂದು 2006ರಲ್ಲಿ ಸಾಚಾರ್ ಸಮಿತಿ ಬರೆಯಿತು. ಮೇಲೆ ಹೋದಷ್ಟೂ ನಮ್ಮವರು ಕಡಿಮೆ. ಒಳಗೆ ಹೋದವರ ಕತೆ ಮತ್ತೊಂದು. ದೆಹಲಿಯ ಏಮ್ಸ್ ಕುರಿತ 2007ರ ಥೋರಟ್ ಸಮಿತಿಯ ಮುಂದೆ ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳಲ್ಲಿ ಶೇ. 69ರಷ್ಟು ಮಂದಿ ಅಧ್ಯಾಪಕರಿಂದ ಸಾಕಷ್ಟು ನೆರವು ಸಿಗುತ್ತಿಲ್ಲವೆಂದರು. ಮೀಸಲಾತಿ ಸೀಟು ಕೊಡಬಲ್ಲದು. ಚಾಕು ಹಿಡಿದ ಕೈಯನ್ನು ತಿದ್ದಲಾರದು.

2019ರ ಮೇ 22ರಂದು ಮುಂಬೈನ ನಾಯರ್ ಆಸ್ಪತ್ರೆಯ ಹಾಸ್ಟೆಲಿನಲ್ಲಿ ಡಾ. ಪಾಯಲ್ ತಡ್ವಿ ಪ್ರಾಣ ಕಳೆದುಕೊಂಡರು. ಆದಿವಾಸಿ ತಡ್ವಿ ಭಿಲ್ ಮುಸ್ಲಿಂ ಸಮುದಾಯದ ಆಕೆ ಸ್ತ್ರೀರೋಗ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿನಿ. ಜಾತಿ ಹಿಡಿದು ಹೀಯಾಳಿಸಿದರೆಂಬ ಆರೋಪದಲ್ಲಿ ಮೂವರು ಹಿರಿಯ ವೈದ್ಯೆಯರ ಮೇಲೆ ಮೊಕದ್ದಮೆ ಹೂಡಲಾಯಿತು. ತಪ್ಪು ಯಾರದೆಂದು ಹೇಳಬೇಕಾದದ್ದು ನ್ಯಾಯಾಲಯ. ಆದರೆ ಅಂಥ ಕಡೆ ಆಕೆಯ ಕಷ್ಟ ಕೇಳುವ ಒಬ್ಬ ಹಿರಿಯರಾದರೂ ಇರಬೇಕಿತ್ತಲ್ಲವೇ ಎಂಬ ಪ್ರಶ್ನೆ ನಮ್ಮೆಲ್ಲರದು.

‘ಎಲ್ಲರಿಗೂ ಒಂದೇ ಪಾಠ ಹೇಳುತ್ತೇವೆ, ಇವರಿಗೇಕೆ ವಿಶೇಷ ಕಾಳಜಿ?’ ಎಂದು ಕೆಲವರು ಕೇಳುತ್ತಾರೆ. ಡಾಕ್ಟರರ ಮಗಳಿಗೆ ಆ ಕಾಳಜಿ ರಾತ್ರಿ ಊಟದ ಹೊತ್ತಿಗೆ ಮನೆಯಲ್ಲೇ ಸಿಗುತ್ತದೆ. ಯಾವ ವಿಷಯ ಆರಿಸಿಕೊಳ್ಳಬೇಕು, ಪ್ರಬಂಧಕ್ಕೆ ಯಾವ ಗೈಡ್ ಒಳ್ಳೆಯವರು, ತಪ್ಪಾದಾಗ ಹೇಗೆ ಒಪ್ಪಿಕೊಳ್ಳಬೇಕು, ಎಲ್ಲವೂ. ಅದನ್ನು ಯಾರೂ ವಿಶೇಷವೆನ್ನುವುದಿಲ್ಲ. ಬೀಡಿ ಕಟ್ಟುವವಳ ಮಗಳಿಗೆ ಅದನ್ನೇ ವಾರ್ಡಿನಲ್ಲಿ ಕೊಟ್ಟರೆ ಉಪಕಾರ ಹೇಗಾದೀತು? ಅದು ತಲುಪಬೇಕಾದಲ್ಲಿಗೆ ತಲುಪಿದ ಅಮಾನತ್, ಅಷ್ಟೆ. ಹಿರಿಯರ ಕೈಗೂ ಆ ವಿದ್ಯೆ ಬಂದದ್ದು ಇನ್ನೊಬ್ಬರಿಂದ, ಸರ್ಕಾರಿ ಆಸ್ಪತ್ರೆಯ ಬಡರೋಗಿಗಳ ಮೈಮೇಲೆ ಕಲಿತು.

ಮೇಜಿನ ಮೇಲೆ ರೋಗಿ ಮಲಗಿರುವಾಗ ಎಲ್ಲರ ಕೈಗೂ ಚಾಕು ಕೊಡಲಾಗದು, ನಿಜ. ಕೊಡುವ, ಕೊಡದಿರುವ ತೀರ್ಮಾನ ಕೈಚಳಕ ನೋಡಿ ಆಗಬೇಕೇ ಹೊರತು ಮುಖಪರಿಚಯ ನೋಡಿ ಅಲ್ಲ. ಸ್ನಾತಕೋತ್ತರ ವಿದ್ಯಾರ್ಥಿ ಲಾಗ್‌ಬುಕ್ ಇಡಬೇಕೆಂಬ ನಿಯಮವಿದೆ. ಮಾಡಿದ ಕೆಲಸ ಅದರಲ್ಲಿರುತ್ತದೆ. ಮಾಡಲು ಬಿಡದೇ ಹೋದದ್ದು ಇರುವುದಿಲ್ಲ. ವಿಭಾಗದ ಮುಖ್ಯಸ್ಥರು ತಿಂಗಳಿಗೊಮ್ಮೆ ಒಂದೇ ಬ್ಯಾಚಿನವರ ಲಾಗ್‌ಬುಕ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅದೂ ಕಂಡೀತು.

ನಮ್ಮ ಸಮುದಾಯದ ವೈದ್ಯರಿಗೂ ಒಂದು ಮಾತು. ನಮ್ಮವರು ನಮ್ಮವರಿಗಷ್ಟೇ ಕಲಿಸಿದರೆ ಇನ್ನೊಂದು ಬಾಗಿಲು ಹಾಕಿದ ಮನೆ ಕಟ್ಟಿದಂತೆ. ಸಾವಿರ ವರ್ಷದ ಹಿಂದೆ ಸ್ಪೇನಿನ ಕೊರ್ಡೊಬಾದ ಶಸ್ತ್ರವೈದ್ಯ ಅಲ್ ಝಹ್ರಾವಿ ತಮ್ಮ ಗ್ರಂಥದಲ್ಲಿ ಉಪಕರಣಗಳ ಚಿತ್ರ ಬಿಡಿಸಿ ವಿವರಿಸಿದರು. ಶಿಷ್ಯರನ್ನು ‘ಮಕ್ಕಳೇ’ ಎಂದು ಕರೆದರು. ಕಲಿಯಲು ಬಂದವರೇ ಮಕ್ಕಳಾದರೆ ಮನೆ ತಾನಾಗಿ ದೊಡ್ಡದಾಗುತ್ತದೆ.

ಹೊಸನಗರದ ಯಾವುದೋ ಹಳ್ಳಿಯಿಂದ ಹೆರಿಗೆ ನೋವಿನ ಹೆಂಗಸನ್ನು ನಡುರಾತ್ರಿ ಶಿವಮೊಗ್ಗಕ್ಕೆ ಕರೆತರುತ್ತಾರೆ. ಡ್ಯೂಟಿಯಲ್ಲಿರುವ ಎಳೆಯ ಡಾಕ್ಟರಿಗೆ ಯಾರೂ ಕೈಹಿಡಿದು ತೋರಿಸದೆ ಬಿಟ್ಟ ಕೆಲಸವೇ ಆಗ ಎದುರಾಗಬಹುದು. ಆ ಹೆಂಗಸಿನ ಜಾತಿ, ಮತ ಯಾವುದೂ ಆಗಿರಬಹುದು.