ಮೊದಲು ಎಂಬುದೊಂದು ಇತ್ತೇ?

ಮಹಾಸ್ಫೋಟದ ಮಾತು ಬಂದಾಗಲೆಲ್ಲ ನಮ್ಮ ಸಭೆಗಳಲ್ಲಿ ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ‘ಇದನ್ನು ನಮ್ಮ ಹಿರಿಯರು ಎಂದೋ ಹೇಳಿದ್ದಾರೆ.’ ಯಾವ ಹಿರಿಯರು ಎಂದು ಕೇಳಬೇಕೆನಿಸುತ್ತದೆ. ಏಕೆಂದರೆ ಈ ವಿಷಯದಲ್ಲಿ ಒಬ್ಬರ ಮಾತನ್ನು ಒಬ್ಬರು ಒಪ್ಪದ ಹಿರಿಯರು ಬಾಗಲಕೋಟೆ ಜಿಲ್ಲೆಯ ಒಂದೇ ಊರಿನಲ್ಲಿ ನೆಲೆಸಿದ್ದರು.

ಹುನಗುಂದ ತಾಲ್ಲೂಕಿನ ಐಹೊಳೆ ಆ ಊರು. ಮೇಗುಟಿ ಗುಡ್ಡ ಹತ್ತುವಾಗ ಮಧ್ಯದಲ್ಲಿ ಸಿಗುವುದು ಅರ್ಧ ಬಂಡೆಯಲ್ಲಿ ಕೊರೆದು ಅರ್ಧ ಕಟ್ಟಿದ ಎರಡಂತಸ್ತಿನ ಬೌದ್ಧ ಗುಡಿ. ನೆತ್ತಿಯ ಮೇಲೆ ರವಿಕೀರ್ತಿಯ ಜಿನಾಲಯ. ಕೆಳಗೆ ಊರ ತುಂಬ ಶಿವ, ವಿಷ್ಣು, ಸೂರ್ಯರ ದೇವಾಲಯಗಳು. ಅಲ್ಲಿನ ಹುಚ್ಚಪ್ಪಯ್ಯನ ಗುಡಿಯ ಚಾವಣಿಯಲ್ಲಿದ್ದ ಬ್ರಹ್ಮನ ಶಿಲ್ಪ ಈಗ ಮುಂಬೈಯ ವಸ್ತುಸಂಗ್ರಹಾಲಯದಲ್ಲಿದೆ. ಬ್ರಹ್ಮನನ್ನು ಕೆತ್ತಿದವರ ಪಾಲಿಗೆ ಜಗತ್ತು ಸೃಷ್ಟಿಯಾಗುತ್ತದೆ, ಲಯವಾಗುತ್ತದೆ, ಮತ್ತೆ ಸೃಷ್ಟಿಯಾಗುತ್ತದೆ. ಲೋಕ ಶಾಶ್ವತವೋ ಅಲ್ಲವೋ ಎಂದು ಕೇಳಿದಾಗ ಬುದ್ಧ ಉತ್ತರಿಸಲೊಪ್ಪಲಿಲ್ಲ. ದುಃಖ ಕಳೆಯಲು ಆ ತಿಳಿವಳಿಕೆ ನೆರವಾಗದು ಎಂದ. ಜೈನರ ಮಾತಂತೂ ಖಚಿತ: ಜಗತ್ತಿಗೆ ಮೊದಲಿಲ್ಲ, ಮಾಡಿದವನೂ ಇಲ್ಲ.

ಆ ಜಿನಾಲಯದಲ್ಲಿರುವ ಕ್ರಿ.ಶ. 634ರ ಮೇಗುಟಿ ಶಾಸನವನ್ನು ಇಮ್ಮಡಿ ಪುಲಕೇಶಿಯ ಹೊಗಳಿಕೆಗಾಗಿ ಓದುತ್ತೇವೆ. ನನಗೆ ಅದರಲ್ಲಿ ಕಾಲ ಎಣಿಸಿರುವ ರೀತಿ ಇಷ್ಟ. ಭಾರತ ಯುದ್ಧ ಕಳೆದು 3735 ವರ್ಷ, ಶಕರ ಲೆಕ್ಕದಲ್ಲಿ 556 ವರ್ಷ ಎಂದು ಅದನ್ನು ಬರೆದ ಜೈನ ಕವಿ ರವಿಕೀರ್ತಿ ಎರಡೆರಡು ಲೆಕ್ಕ ಕೊಡುತ್ತಾನೆ. ಇಷ್ಟು ಕಟ್ಟುನಿಟ್ಟಾಗಿ ವರ್ಷ ಎಣಿಸಿದ ಆ ಕವಿಯ ಧರ್ಮದಲ್ಲಿ ಎಣಿಕೆ ಶುರುವಾಗುವ ಮೊದಲ ದಿನವೇ ಇಲ್ಲ. ಯುದ್ಧದಿಂದ ಎಣಿಸಬಹುದು, ರಾಜರಿಂದ ಎಣಿಸಬಹುದು. ಜಗತ್ತಿನ ಹುಟ್ಟಿನಿಂದ ಎಣಿಸಲಾಗದು.

ಈ ನಿಲುವಿಗೆ ತರ್ಕದ ಬಲ ತುಂಬಿದವರು ಇನ್ನೂರು ವರ್ಷದ ನಂತರ ಬಂದ ಜಿನಸೇನಾಚಾರ್ಯರು, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಗುರುಗಳು. ಪಂಪ 941ರಲ್ಲಿ ಕನ್ನಡಕ್ಕೆ ತಂದ ಆದಿಪುರಾಣಕ್ಕೆ ಮೂಲ ಅವರ ಸಂಸ್ಕೃತ ಕೃತಿ. ಅದರಲ್ಲಿ ಅವರು ಸೃಷ್ಟಿಕರ್ತನನ್ನು ಕುರಿತು ಕೇಳುವ ಪ್ರಶ್ನೆಗಳನ್ನು ಇಂದಿಗೂ ಯಾರೂ ಸುಲಭವಾಗಿ ದಾಟಲಾರರು. ಜಗತ್ತೇ ಇಲ್ಲದಾಗ ಅದನ್ನು ಮಾಡುವವನು ಎಲ್ಲಿದ್ದ? ಯಾವ ಸಾಮಗ್ರಿಯಿಂದ ಮಾಡಿದ? ಸಾಮಗ್ರಿಯನ್ನೇ ಮೊದಲು ಮಾಡಿದನೆಂದರೆ, ಅದನ್ನು ಯಾವುದರಿಂದ ಮಾಡಿದ? ಯಾವ ಕೊರತೆಯೂ ಇಲ್ಲದವನಿಗೆ ಮಾಡಬೇಕೆಂಬ ಆಸೆ ಏಕೆ ಹುಟ್ಟಿತು? ಅವನೇ ತಾನಾಗಿ ಇರಬಲ್ಲನೆಂದರೆ ಜಗತ್ತೂ ತಾನಾಗಿ ಇರಬಲ್ಲದು ಎನ್ನಲು ಅಡ್ಡಿಯೇನು? ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ 1980ರ ‘ಕಾಸ್ಮೋಸ್’ ಪುಸ್ತಕದ ಒಂದು ಅಧ್ಯಾಯದ ನೆತ್ತಿಯ ಮೇಲೆ ಈ ಭಾಗವನ್ನೇ ಇಟ್ಟುಕೊಂಡರು. ಇಂಥ ಜಿನಸೇನರನ್ನು ಮಹಾಸ್ಫೋಟದ ಪೂರ್ವಜರ ಸಾಲಿನಲ್ಲಿ ನಿಲ್ಲಿಸುವುದೆಂದರೆ ಅವರು ಬರೆದದ್ದನ್ನು ಓದದೆ ಅವರಿಗೆ ಹಾರ ಹಾಕಿದಂತೆ. ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮದ ಶರಣ ಪರಂಪರೆಯ ‘ಬಯಲು’, ‘ಶೂನ್ಯ’ಗಳಿಗೂ ಇದೇ ಮಾತು ಸಲ್ಲುತ್ತದೆ. ಅವು ಅನುಭಾವದ ನುಡಿಗಳು. ಭೌತಶಾಸ್ತ್ರದ ನಿರ್ವಾತಕ್ಕೆ ಅವನ್ನು ಗಂಟು ಹಾಕಿದರೆ ಎರಡಕ್ಕೂ ಅನ್ಯಾಯ.

ಜಿನಸೇನರ ಪ್ರಶ್ನೆಗಳನ್ನು ಇವತ್ತಿನ ವಿಜ್ಞಾನಕ್ಕೂ ಕೇಳಬಹುದು, ಕೇಳಬೇಕು. ಗೆಲಾಕ್ಸಿಗಳು ದೂರ ಸರಿಯುತ್ತಿವೆ ಎಂಬುದು 1929ರಲ್ಲಿ ಹಬಲ್ ಅವರ ಅಳತೆಗಳಿಂದ ಸ್ಪಷ್ಟವಾಯಿತು. ಸುಮಾರು 1380 ಕೋಟಿ ವರ್ಷಗಳ ಹಿಂದೆ ವಿಶ್ವ ಅತಿ ಬಿಸಿಯಾಗಿ, ಅತಿ ದಟ್ಟವಾಗಿ ಇತ್ತು. ಸುಮಾರು 3.8 ಲಕ್ಷ ವರ್ಷವಾದಾಗ ಬಿಡುಗಡೆಯಾದ ಬೆಳಕು ಇಂದು ಆಕಾಶದ ಎಲ್ಲ ದಿಕ್ಕಿನಿಂದ ಸೂಕ್ಷ್ಮತರಂಗವಾಗಿ ಬರುತ್ತಿದೆ. ಪೆಂಜಿಯಾಸ್ ಮತ್ತು ವಿಲ್ಸನ್ ಅದನ್ನು ಗುರುತಿಸಿದ್ದು 1965ರಲ್ಲಿ ಪ್ರಕಟವಾಯಿತು. ಇಷ್ಟನ್ನು ನಾನು ಗಟ್ಟಿಯಾಗಿ ನಂಬುತ್ತೇನೆ. ಆದರೆ ಇನ್ನೂ ಹಿಂದಕ್ಕೆ, ಮೊಟ್ಟಮೊದಲ ಕ್ಷಣದತ್ತ ಹೋದರೆ ಐನ್‌ಸ್ಟೈನರ ಸಮೀಕರಣಗಳು ಅನಂತ ಸಾಂದ್ರತೆ ಎಂಬ ಉತ್ತರ ಕೊಡುತ್ತವೆ. ಆ ಸಮೀಕರಣಗಳ ಅಧಿಕಾರ ಅಲ್ಲಿಗೆ ಮುಗಿಯಿತು ಎಂದೇ ಇದರ ಅರ್ಥ. ಅಲ್ಲಿ ವಿಶ್ವ ಹುಟ್ಟಿತೋ, ಹಿಂದಿನದೊಂದು ವಿಶ್ವ ಕುಗ್ಗಿ ಮತ್ತೆ ಹಿಗ್ಗಿತೋ, ಕಾಲವೆಂಬುದಕ್ಕೇ ಅಲ್ಲಿ ಅರ್ಥವಿಲ್ಲವೋ? ಇವೆಲ್ಲ ಇನ್ನೂ ತೆರೆದ ಪ್ರಶ್ನೆಗಳು.

ಬಾದಾಮಿಯ ಸೀಮೆಯಲ್ಲಿ ಭೂಮಿಯೇ ಇಂಥದ್ದೊಂದು ಪಾಠ ಕಲಿಸುತ್ತದೆ. 578ರಲ್ಲಿ ಚಾಲುಕ್ಯ ಮಂಗಳೇಶ ಮೂರನೆಯ ಗುಹೆಯನ್ನು ಕೊರೆಸಿದ ಕೆಂಪು ಮರಳುಗಲ್ಲು ಹೆಚ್ಚುಕಡಿಮೆ ಮಟ್ಟಸವಾಗಿ ಪದರ ಪದರವಾಗಿ ಹಾಸಿದೆ. ಅದರ ಕೆಳಗಿರುವ, ಇನ್ನೂ ಹಳೆಯ ಬಾಗಲಕೋಟೆ ಶಿಲೆಗಳ ಪದರಗಳು ವಾಲಿವೆ, ಮಡಚಿಕೊಂಡಿವೆ. ಇಡೀ ಶಿಲಾಸ್ತೋಮವನ್ನು ಕಲಾದಗಿಯ ಹೆಸರಿನಲ್ಲಿ 1876ರಲ್ಲಿ ವಿವರಿಸಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಕೆಳಗಿನ ಪದರ ವಾಲಿ, ಸವೆದು, ಮತ್ತೆ ಮುಳುಗಿ ಮೇಲೆ ಮರಳು ಕೂರುವಷ್ಟರಲ್ಲಿ ಕಳೆದ ದೀರ್ಘ ಕಾಲದ ಕಲ್ಲು ಅಲ್ಲಿಲ್ಲ. ಕಾಲ ನಡೆದದ್ದು ನಿಜ, ಅದರ ದಾಖಲೆ ಅಳಿದುಹೋಗಿದೆ. ಬಾದಾಮಿಯ ಮರಳುಗಲ್ಲಿನ ತಳದ ಪದರವನ್ನೇ ಭೂಮಿಯ ಮೊದಲ ದಿನ ಎನ್ನುವ ಭೂವಿಜ್ಞಾನಿ ಇಲ್ಲ. ವಿಶ್ವದ ವಿಷಯದಲ್ಲಿ ಮಾತ್ರ ನಾವು ದಾಖಲೆಯ ಅಂಚನ್ನೇ ಹುಟ್ಟು ಎಂದುಕೊಳ್ಳುವ ಅವಸರ ಮಾಡುತ್ತೇವೆ.

ಈ ಅವಸರಕ್ಕೆ ಬದುಕಿಡೀ ಎದುರು ನಿಂತವರು ಖಗೋಳವಿಜ್ಞಾನಿ ಜಯಂತ ನಾರಳೀಕರ್. ನಮ್ಮ ನೆರೆಯ ಕೊಲ್ಹಾಪುರದಲ್ಲಿ 1938ರಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಫ್ರೆಡ್ ಹಾಯ್ಲ್ ಅವರ ಶಿಷ್ಯರಾಗಿ, ಪುಣೆಯಲ್ಲಿ ಅಯೂಕಾ ಸಂಸ್ಥೆ ಕಟ್ಟಿ, 2025ರ ಮೇ ತಿಂಗಳಲ್ಲಿ ತೀರಿಕೊಂಡರು. ವಿಶ್ವ ಹಿಗ್ಗಿದಷ್ಟೂ ಹೊಸ ದ್ರವ್ಯ ಹುಟ್ಟುತ್ತ ಅದು ಸದಾ ಒಂದೇ ತೆರನಾಗಿರುತ್ತದೆ ಎಂಬುದು 1948ರಲ್ಲಿ ಹಾಯ್ಲ್, ಬಾಂಡಿ, ಗೋಲ್ಡ್ ಮಂಡಿಸಿದ ಸ್ಥಿರಸ್ಥಿತಿ ಸಿದ್ಧಾಂತ. ಆ ಸಿದ್ಧಾಂತಕ್ಕೆ ಸೋಲುವ ಧೈರ್ಯವಿತ್ತು: ದೂರದ, ಅಂದರೆ ಹಳೆಯ, ಆಕಾಶವೂ ಇಂದಿನ ಆಕಾಶದಂತೆಯೇ ಕಾಣಬೇಕು ಎಂದು ಅದು ಸ್ಪಷ್ಟವಾಗಿ ಹೇಳಿತು. ಹಾಗೆ ಕಾಣಲಿಲ್ಲ. ರೇಡಿಯೊ ಗೆಲಾಕ್ಸಿಗಳ ಎಣಿಕೆಯೂ, ಆಮೇಲೆ ಸೂಕ್ಷ್ಮತರಂಗದ ಹಿನ್ನೆಲೆಯೂ ಅದಕ್ಕೆ ವಿರುದ್ಧ ನಿಂತವು. 1993ರಲ್ಲಿ ಹಾಯ್ಲ್, ಜೆಫ್ರಿ ಬರ್ಬಿಜ್ ಜೊತೆ ಸೇರಿ ನಾರಳೀಕರ್ ಅದನ್ನು ತಿದ್ದಿದರು: ಅನಾದಿಯಾದ ವಿಶ್ವ ದೀರ್ಘಕಾಲದಲ್ಲಿ ಹಿಗ್ಗುತ್ತಲೇ ನಡುನಡುವೆ ಹಿಗ್ಗಿ ಕುಗ್ಗುತ್ತದೆ, ನಕ್ಷತ್ರಗಳ ಬೆಳಕನ್ನು ಕಬ್ಬಿಣದ ಸೂಕ್ಷ್ಮ ಎಳೆಗಳು ಹೀರಿ ಸೂಕ್ಷ್ಮತರಂಗವಾಗಿ ಹೊರಬಿಡುತ್ತವೆ. ಈ ಸಿದ್ಧಾಂತ ನಿಲ್ಲಲಿಲ್ಲ ಎಂದೇ ನನ್ನ ತೀರ್ಮಾನ; ಕೋಬೆ ಮತ್ತು ಪ್ಲಾಂಕ್ ಉಪಗ್ರಹಗಳು ಅಳೆದ ನಸು ಏರಿಳಿತಗಳಿಗೆ ಬಿಸಿ, ದಟ್ಟ ಆದಿಸ್ಥಿತಿಯ ವಿವರಣೆಯೇ ಚೆನ್ನಾಗಿ ಹೊಂದುತ್ತದೆ. ಆದರೂ ನಾರಳೀಕರ್ ಅವರ ಸಂದೇಹವನ್ನು ನಾನು ಗೌರವಿಸುತ್ತೇನೆ. ಅವರು ಲೆಕ್ಕ ಮಾಡಿ ಸಂದೇಹಪಟ್ಟರು, ಒಬ್ಬಂಟಿಯಾದಾಗಲೂ ಲೆಕ್ಕ ಬಿಡಲಿಲ್ಲ.

ಇನ್ನೊಂದು ಬಗೆಯ ಸಂದೇಹ ಕರ್ನಾಟಕದ ನೀರಿನ ಮೇಲೆಯೇ ತೇಲಿತು. ಆಸ್ಟ್ರೇಲಿಯದಲ್ಲಿ ಆಂಟೆನಾ ಇಟ್ಟು ಕೇಳಿದ ‘ಎಡ್ಜಸ್’ ತಂಡ, ಮೊದಲ ನಕ್ಷತ್ರಗಳ ಗುರುತು 78 ಮೆಗಾಹರ್ಟ್ಸ್ ಸುತ್ತ ಸಿಕ್ಕಿತೆಂದು 2018ರಲ್ಲಿ ಪ್ರಕಟಿಸಿತು. ಗುರುತು ನಿರೀಕ್ಷೆಗಿಂತ ಎರಡು ಪಟ್ಟು ಗಾಢವಾಗಿತ್ತು; ಅದನ್ನು ವಿವರಿಸಲು ಹೊಸ ಭೌತಶಾಸ್ತ್ರವೇ ಬೇಕು ಎಂಬ ಪ್ರಬಂಧಗಳ ಸಾಲೇ ಬಂತು. ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯವರು ಹೊಸ ಸಿದ್ಧಾಂತ ಹೂಡುವುದಕ್ಕೆ ಮೊದಲು ಅಳತೆಯನ್ನೇ ಪರೀಕ್ಷಿಸಲು ಹೊರಟರು. ಆಂಟೆನಾದ ಕೆಳಗಿನ ನೆಲವೇ ತಪ್ಪು ಸಂಕೇತ ಬೆರೆಸಬಹುದು. ಮಣ್ಣಿಗಿಂತ ನೀರು ಏಕರೂಪ. ಹಾಗಾಗಿ 2020ರ ಆರಂಭದಲ್ಲಿ ‘ಸರಸ್-3’ ಆಂಟೆನಾವನ್ನು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು. ಆ ಗುರುತು ಅಲ್ಲಿ ಕಾಣಲಿಲ್ಲ. ಶೇಕಡ 95.3ರಷ್ಟು ವಿಶ್ವಾಸದೊಂದಿಗೆ ಅದನ್ನು ತಳ್ಳಿಹಾಕಿದ ಪ್ರಬಂಧ 2022ರ ಫೆಬ್ರುವರಿಯಲ್ಲಿ ‘ನೇಚರ್ ಆಸ್ಟ್ರಾನಮಿ’ಯಲ್ಲಿ ಬಂತು.

‘ಮಹಾಸ್ಫೋಟ ಸುಳ್ಳಾಯಿತು’ ಎಂಬ ತಲೆಬರಹ ವರ್ಷಕ್ಕೊಮ್ಮೆಯಾದರೂ ಮೊಬೈಲಿನಲ್ಲಿ ಹರಿದಾಡುತ್ತದೆ. ನಿಜವಾದ ತೊಡಕುಗಳು ಇವೆ. ವಿಶ್ವ ಹಿಗ್ಗುವ ವೇಗ, ಖಗೋಳ ದೂರಮಾನವಾದ ಪ್ರತಿ ಮೆಗಾಪಾರ್ಸೆಕ್‌ಗೆ, ಹಳೆಯ ಬೆಳಕಿನಿಂದ ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 67 ಕಿಲೋಮೀಟರ್, ಹತ್ತಿರದ ಗೆಲಾಕ್ಸಿಗಳಿಂದ ಅಳೆದರೆ ಸುಮಾರು 73 ಕಿಲೋಮೀಟರ್ ಬರುತ್ತದೆ. ಎರಡೂ ಕಡೆಯವರು ಎಚ್ಚರದಿಂದಲೇ ಅಳೆದಿದ್ದಾರೆ. ಹಿಗ್ಗುವಿಕೆಗೆ ವೇಗ ಕೊಡುವ ಕಪ್ಪುಶಕ್ತಿ ಕಾಲಕ್ಕೆ ತಕ್ಕಂತೆ ಬದಲಾಗುತ್ತಿರಬಹುದು ಎಂಬ ಸೂಚನೆ 2024ರಿಂದೀಚೆಗೆ ಸಿಕ್ಕಿದೆ. ಇವುಗಳಿಂದ ಸಿದ್ಧಾಂತ ತಿದ್ದುಪಡಿಯಾಗಬಹುದು. ಬಿಸಿಯಾದ ಹಳೆಯ ವಿಶ್ವದ ಸಾಕ್ಷ್ಯ ಇದರಿಂದ ಮಾಯವಾಗುವುದಿಲ್ಲ, ಮೊದಲ ಕ್ಷಣದ ಪ್ರಶ್ನೆಗೆ ಉತ್ತರವೂ ಸಿಗುವುದಿಲ್ಲ. ಹುನಗುಂದ, ಇಳಕಲ್ಲಿನ ಹೈಸ್ಕೂಲು ಮಕ್ಕಳು ‘ಅದಕ್ಕೂ ಮೊದಲು ಏನಿತ್ರೀ ಸರ್?’ ಎಂದು ಕೇಳಿದರೆ ಅವರನ್ನು ಸುಮ್ಮನಿರಿಸದೆ ಜಿನಸೇನರ ಪ್ರಶ್ನೆಗಳನ್ನೂ ಪೆಂಜಿಯಾಸರ ಅಳತೆಯನ್ನೂ ಒಟ್ಟಿಗೇ ಕೊಡಬಹುದು.

ಮೊದಲ ನಕ್ಷತ್ರಗಳ ಗುರುತು ಇನ್ನೂ ಖಚಿತವಾಗಿ ಸಿಕ್ಕಿಲ್ಲ. ಅದನ್ನು ಹುಡುಕುವ ತರಂಗಪಟ್ಟಿಯೊಳಗೇ ನಮ್ಮ ಎಫ್‌ಎಂ ರೇಡಿಯೊಗಳೂ ಬರುವುದರಿಂದ, ಚಂದ್ರನನ್ನು ಸುತ್ತುತ್ತ, ಭೂಮಿಯ ಗದ್ದಲ ತಲುಪದ ಅದರ ಆಚೆ ಬದಿಯಲ್ಲಿ ಕೇಳಲು ರಾಮನ್ ಸಂಸ್ಥೆಯವರು ‘ಪ್ರತುಷ್’ ಎಂಬ ಉಪಕರಣವನ್ನು ರೂಪಿಸುತ್ತಿದ್ದಾರೆ.